ಶಕ್ತಿ ಬಂದದ್ದು ಯಾರಿಗೆ

ಸಿಂಧನೂರಿನ ನಮ್ಮ ಓಣಿಯಲ್ಲಿ ನನಗೊಂದು ಹೆಸರಿದೆ. ನನ್ನೆದುರಿಗೆ ಯಾರೂ ಹೇಳುವುದಿಲ್ಲ, ಬೆನ್ನ ಹಿಂದೆ ‘ಉಚ್ಚಿ ಮೇಡಂ’ ಅನ್ನುತ್ತಾರೆ. ತಪ್ಪೇನಿಲ್ಲ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಇರುವ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಬಹಳ ವರ್ಷಗಳಿಂದ ಜನರ ಉಚ್ಚೆ, ಕೀವು, ಕಫ ತೆಗೆದುಕೊಂಡು ಅದರಲ್ಲಿರುವ ಸೂಕ್ಷ್ಮಾಣುಗಳನ್ನು ಬೆಳೆಸುತ್ತೇನೆ. ಸುತ್ತಲಿನವರು ಭತ್ತ ಬೆಳೆಯುತ್ತಾರೆ, ನಾನು ಇದನ್ನು ಬೆಳೆಯುತ್ತೇನೆ. ನನ್ನ ಬೆಳೆಗೆ ಕಾಲುವೆಗೆ ನೀರು ಬಿಡುವುದನ್ನು ಕಾಯಬೇಕಿಲ್ಲ. ಒಂದು ದಿನ ಬೆಚ್ಚಗಿಟ್ಟರೆ ಕೊಯ್ಲಿಗೆ ಬರುತ್ತದೆ.

ಕೆಲಸ ಇಷ್ಟೇ. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಆರಿ ಗಟ್ಟಿಯಾದ ಗಂಜಿಯಂಥ ಆಹಾರ. ರೋಗಿಯಿಂದ ಸಿಕ್ಕ ಸೂಕ್ಷ್ಮಾಣುವನ್ನು ಅದರ ಮೇಲೆ ಹರಡಿ, ಕಾಗದದ ಪುಟ್ಟ ಬಿಲ್ಲೆಗಳನ್ನು ದೂರ ದೂರ ಇಡುತ್ತೇನೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಆ್ಯಂಟಿಬಯಾಟಿಕ್. ಮರುದಿನ ತೆಗೆದು ನೋಡಿದರೆ, ಔಷಧಿ ನಾಟುವಂಥದ್ದಾದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡಗೆ ಬಯಲಾಗಿರುತ್ತದೆ. ನಾಟದಿದ್ದರೆ ಬೆಳೆ ಬಿಲ್ಲೆಯ ಅಂಚಿನವರೆಗೂ ಬಂದು ಮುಟ್ಟಿರುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಬಯಲುಗಳು ದೊಡ್ಡವಿದ್ದವು. ಬರಬರುತ್ತ ಕಿರಿದಾದವು. ಈಗ ಕೆಲವು ಬಿಲ್ಲೆಗಳ ಸುತ್ತ ಬಯಲು ಕಂಡರೆ ನಾನೇ ಎರಡೆರಡು ಸಲ ನೋಡುತ್ತೇನೆ, ಬಿಲ್ಲೆ ಸರಿಯಾಗಿ ಇಟ್ಟಿದ್ದೆನೋ ಇಲ್ಲವೋ ಎಂದು.

ಇದರಿಂದ ನನಗೆ ದುಃಖವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ತಟ್ಟೆಯ ಮೇಲೆ ನಂಬರಿರುತ್ತದೆ, ಮುಖ ಇರುವುದಿಲ್ಲ. ನನಗೆ ಆ ಸೂಕ್ಷ್ಮಾಣುಗಳ ಬಗ್ಗೆ ಒಂದು ಥರದ ಗೌರವವೇ ಇತ್ತು. ಗುಳಿಗೆ ಕೊಳ್ಳುವವರು, ಮಾರುವವರು, ಅರ್ಧಕ್ಕೆ ಬಿಡುವವರು ಎಲ್ಲರನ್ನೂ ದಿನಾ ನೋಡುತ್ತಿದ್ದ ನನಗೆ, ಈ ಇಡೀ ವ್ಯವಹಾರದಲ್ಲಿ ಬುದ್ಧಿ ಉಪಯೋಗಿಸುತ್ತಿರುವವು ಅವು ಮಾತ್ರ ಅನ್ನಿಸುತ್ತಿತ್ತು.

ನಮ್ಮ ತವರು ಸಂತೆಕಲ್ಲೂರು. ಅಕ್ಕನನ್ನು ಕೊಟ್ಟಿದ್ದು ಅಲ್ಲಿಂದ ಹತ್ತಿರದ ಮಸ್ಕಿಗೆ. ಅವಳ ಗಂಡನನ್ನು ನಾನು ಮೊದಲಿನಿಂದಲೂ ಮಾವ ಎಂದೇ ಕರೆಯುವುದು. ಮಾವನದು ಕಿರಾಣಿ ಅಂಗಡಿ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಇಬತ್ತಿ ಹಚ್ಚಿ, ಲಿಂಗಪೂಜೆ ಮುಗಿಸಿದ ಮೇಲೆಯೇ ಅಂಗಡಿಯ ಬಾಗಿಲು ತೆಗೆಯುವ ಮನುಷ್ಯ. ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಇಲ್ಲ, ಅರ್ಧಕ್ಕೇ ‘ತಿಳೀತು ತಿಳೀತು’ ಅನ್ನುವ ಚಟ.

ಅಕ್ಕನ ಹೆಮ್ಮೆ ಎರಡು. ಒಂದು, ಜನ್ಮದಲ್ಲಿ ಗುಳಿಗೆ ನುಂಗಿದವಳಲ್ಲ ಅನ್ನುವುದು. ನೆಗಡಿಯಾಗಲಿ ಮೈಕೈ ನೋವಾಗಲಿ, ಕಷಾಯವೇ ಗತಿ. ಕೊರೊನಾ ಬಂದ ಮೇಲೆ ಮಾವನ ಅಂಗಡಿಯಲ್ಲಿ ಕಷಾಯದ ಪುಡಿಯ ಪಾಕೀಟುಗಳು ಸಾಲಾಗಿ ತೂಗಾಡತೊಡಗಿದವು. ಎಲ್ಲದರ ಮೇಲೂ ದಪ್ಪಕ್ಷರದಲ್ಲಿ ‘ರೋಗ ನಿರೋಧಕ ಶಕ್ತಿಗಾಗಿ’ ಎಂದು ಬರೆದಿರುತ್ತಿತ್ತು. ಅಕ್ಕ ಅದನ್ನು ಚಹಾದ ಬದಲಿಗೆ ಕುಡಿಯುತ್ತಿದ್ದಳು. ನಾನು ಏನಾದರೂ ಹೇಳಲು ಹೋದರೆ ನಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅವಳ ಪಾಲಿಗೆ ನಾನು ಹಿತ್ತಲ ಗಿಡ.

ಎರಡನೆಯ ಹೆಮ್ಮೆ ಅವಳ ಕಾಲು. ಆ ಓಣಿಯಲ್ಲಿ ಕೂಸು ಹುಟ್ಟಿತೆಂದರೆ ಎರೆಯುವುದಕ್ಕೆ ಅಕ್ಕನನ್ನೇ ಕರೆಯಬೇಕು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ನೀವಿ, ಬಿಸಿಬಿಸಿ ನೀರು ಹುಯ್ದು, ಲೋಬಾನದ ಹೊಗೆ ತೋರಿಸಿ, ಕುಂಚಿಗೆ ಕಟ್ಟಿ ತಾಯಿಯ ಮಡಿಲಿಗೆ ಹಾಕುವವರೆಗೆ ಅವಳು ಯಾರ ಮಾತೂ ಕೇಳುತ್ತಿರಲಿಲ್ಲ. ಕೂಸು ಓಣಿಗೆಲ್ಲ ಕೇಳುವಂತೆ ಅತ್ತು, ಆಮೇಲೆ ಅರ್ಧ ದಿನ ಮಲಗುತ್ತಿತ್ತು. ಆದರೆ ಅವಳ ಒಬ್ಬಳೇ ಮಗಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಪರರ ಕೂಸಿಗೆ ಎರೆದು ಬಂದ ದಿನ ಅಕ್ಕ ಒದ್ದೆ ಸೀರೆಯಲ್ಲೇ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು. ‘ಈ ಕಾಲ ಮ್ಯಾಲ ನನ್ನ ಮಗಳ ಕೂಸು ಯಾವಾಗ ಮಲಗತೈತೋ’ ಅನ್ನುತ್ತಿದ್ದಳು. ಕೊನೆಗೂ ಮಗಳು ತುರ್ವಿಹಾಳದ ಗಂಡನ ಮನೆಯಿಂದ ತುಂಬು ಬಸುರಿಯಾಗಿ ತವರಿಗೆ ಬಂದಳು. ಅಕ್ಕ ಹಳೆಯ ಹತ್ತಿ ಸೀರೆಗಳನ್ನೆಲ್ಲ ಒಗೆದು ಹರಿದು ಕುಂಚಿಗೆ ಹೊಲಿಯಲು ಕೂತಳು. ಆ ಗಡಿಬಿಡಿಯಲ್ಲೇ ಅವಳಿಗೆ ಉಚ್ಚೆ ಉರಿಯತೊಡಗಿದ್ದು.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಚಳಿ ಬಂದು ಹಲ್ಲು ಕಟಕಟ ಅನ್ನತೊಡಗಿದ ಮೇಲೆ ಮಾವ ಮಸ್ಕಿಯಲ್ಲೇ ಒಬ್ಬರ ಹತ್ತಿರ ಸೂಜಿ ಮಾಡಿಸಿದ. ಜ್ವರ ಇಳಿದು ಮತ್ತೆ ಏರಿತು. ಆಗ ಲಿಂಗಸುಗೂರಿನ ಒಂದು ಖಾಸಗಿ ದವಾಖಾನೆಗೆ ಸೇರಿಸಿದರು. ನನಗೆ ಫೋನು ಬಂದದ್ದು ಆಮೇಲೆ.

ನಾನು ಹೋದಾಗ ಅಕ್ಕ ಸಲಾಯನ್ ಹಚ್ಚಿಕೊಂಡು ಮಲಗಿದ್ದಳು. ಮೈ ಸುಡುತ್ತಿತ್ತು.

‘ಮಗಳಿಗೆ ದಿನ ತುಂಬ್ಯಾವ. ಜಲ್ದಿ ಬಿಡಿಸಿ ಕಳಸಂತ ಹೇಳ ಬೇ ಅವರಿಗೆ,’ ಅಂದಳು.

‘ಮದಲ ಜರ ಇಳೀಲಿ.’

‘ಜರ ಇಳೀಲಿಲ್ಲಂದ್ರೂ ನನ್ನ ಕಾಲು ಗಟ್ಟ್ಯದಾವ. ಕೂಸಿಗೆ ಎರಿಯೋದು ಕಾಲೀಲೆ, ಹಣೀಲೆ ಅಲ್ಲ.’

ಅಲ್ಲಿನ ಡಾಕ್ಟರು ಮೈಸೂರು ಕಡೆಯವರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಕೊಡುತ್ತಿರುವ ಔಷಧಿಗೆ ಜ್ವರ ಬಗ್ಗುತ್ತಿಲ್ಲ, ಯಾವುದು ನಾಟುತ್ತದೆ ನೋಡಿ ಹೇಳಿ ಎಂದು ಅವರೇ ಕೇಳಿದರು. ಅಕ್ಕನ ಉಚ್ಚೆಯ ಡಬ್ಬಿಯನ್ನು ಬರ್ಫ್ ತುಂಬಿದ ಥರ್ಮಾಸಿನಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಸಿಂಧನೂರಿಗೆ ವಾಪಸು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಸ್ಕಿ ಬರುವವರೆಗೂ ತಡೆದುಕೊಂಡು ಕೊನೆಗೆ, ‘ಕುಲ್ಫಿ ಏನ್ರೀ?’ ಎಂದು ಕೇಳಿದಳು. ಅಲ್ಲರೀ ಅಂದೆ. ಕೊಡುವ ಮನಸ್ಸಿಲ್ಲದ್ದಕ್ಕೆ ಹಾಗಂದೆ ಎಂದು ತಿಳಿದಳೋ ಏನೋ, ಆಮೇಲೆ ನನ್ನ ಕಡೆ ನೋಡಲಿಲ್ಲ.

ಮೊದಲು ಸೂಕ್ಷ್ಮಾಣು ಬೆಳೆಯಬೇಕು, ಆಮೇಲೆ ಬಿಲ್ಲೆ ಇಟ್ಟು ಮತ್ತೆ ಕಾಯಬೇಕು. ಅವಸರ ಮಾಡಿದರೆ ನಡೆಯುವ ಕೆಲಸವಲ್ಲ. ಬಿಲ್ಲೆ ಇಟ್ಟ ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದೆ. ತಟ್ಟೆಯ ತುಂಬ ಬೆಳೆ ಒತ್ತಾಗಿ ಹರಡಿತ್ತು. ಬಿಲ್ಲೆಗಳು ಅದರ ಮಧ್ಯೆ ಸುಮ್ಮನೆ ಕೂತಿದ್ದವು. ಲಿಂಗಸುಗೂರಿನಲ್ಲಿ ಕೊಡುತ್ತಿದ್ದ ಔಷಧಿಯ ಸುತ್ತ ಒಂದು ಗೆರೆಯಷ್ಟೂ ಬಯಲಿರಲಿಲ್ಲ. ಎಲ್ಲ ಸೋತ ಮೇಲೆ ಕೊಡುವ ಒಂದು ಸೂಜಿ ಔಷಧಿಯಿದೆ, ಅದರ ಬಿಲ್ಲೆಯ ಸುತ್ತ ಮಾತ್ರ ಚೊಕ್ಕ ಬಯಲಿತ್ತು. ಇಂಥ ತಟ್ಟೆ ನನಗೆ ಹೊಸದಲ್ಲ. ಆದರೆ ಆ ದಿನ ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ಗುಳಿಗೆ ಮುಟ್ಟದ ಅಕ್ಕನ ಮೈಯಲ್ಲಿ ಗುಳಿಗೆಗಳನ್ನೆಲ್ಲ ಅರೆದು ಕುಡಿದಂಥ ಸೂಕ್ಷ್ಮಾಣು. ನನಗೆ ಮೊದಲ ಸಲ ಅವುಗಳ ಮೇಲೆ ಸಿಟ್ಟು ಬಂತು.

ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ‘ಆ ಇಂಜೆಕ್ಷನ್ ನಮ್ಮಲ್ಲಿಲ್ಲ, ಇವತ್ತೇ ತರಿಸ್ತೀನಿ. ಈಗ ಕೊಡ್ತಿರೋದನ್ನ ನಿಲ್ಲಿಸ್ತೀನಿ,’ ಅಂದರು. ಸರಿಯಾದ ನಿರ್ಧಾರ. ನಾನು ನಿಶ್ಚಿಂತೆಯಿಂದ ಬೇರೆ ತಟ್ಟೆಗಳ ಕೆಲಸಕ್ಕೆ ಹತ್ತಿದೆ.

ಸಂಜೆ ಮಾವನ ಫೋನು ಬಂತು. ದನಿಯಲ್ಲಿ ಹಾಲು ಕುಡಿದಷ್ಟು ಸಂತೋಷ.

‘ನಿಮ್ಮಕ್ಕನ್ನ ಮನಿಗೆ ಕರಕೊಂಡು ಬಂದೆ ನೋಡವಾ. ಜರ ಇಳದೈತಿ, ಆರಾಮ ಆತು.’

‘ಯಾಕ್ರೀ ಮಾವ, ಬಿಟ್ಟಾರೇನು?’

‘ಡಾಕ್ಟರೇ ಹೇಳ್ಯಾರ. ನಿರೋಧಕ ಶಕ್ತಿ ಬಂದೈತಿ, ಇನ್ನ ಈ ಔಷಧ ಬ್ಯಾಡಂತ. ಕಷಾಯ ಕುಡುದದ್ದು ಹುಸಿ ಹೋಗಲಿಲ್ಲ ನೋಡು. ನೀ ನಗತಿದ್ದಿ.’

ನಾನು ಏನಾದರೂ ಹೇಳುವುದರೊಳಗೆ ಮಾವ ಫೋನು ಇಟ್ಟಾಗಿತ್ತು. ಡಾಕ್ಟರು ಏನು ಹೇಳಿರಬೇಕೆಂದು ನನಗೆ ತಕ್ಷಣ ಹೊಳೆಯಿತು. ಆಮೇಲೆ ಅವರನ್ನೇ ಕೇಳಿದಾಗಲೂ ಅದೇ ಮಾತು ಹೇಳಿದರು. ‘ನಿರೋಧಕ ಶಕ್ತಿ ಬಂದುಬಿಟ್ಟಿದೆ. ಈ ಔಷಧಿ ಇನ್ನು ಬೇಡ, ನಿಲ್ಲಿಸೋಣ.’ ಒಂದಕ್ಷರ ತಪ್ಪಿಲ್ಲ. ಶಕ್ತಿ ಬಂದದ್ದು ಸೂಕ್ಷ್ಮಾಣುವಿಗೆ. ಆದರೆ ಕನ್ನಡದಲ್ಲಿ ಯಾರಿಗೆ ಅನ್ನುವುದನ್ನು ಹೇಳದೆಯೂ ಮಾತು ಆರಾಮಾಗಿ ನಿಲ್ಲುತ್ತದೆ. ಊಟ ಆಯಿತು, ನಿದ್ದೆ ಬಂತು, ಶಕ್ತಿ ಬಂತು. ಯಾರಿಗೆ ಎಂದು ನಾವು ಕೇಳುವುದಿಲ್ಲ, ಮನೆಯವರಿಗೇ ಎಂದು ತಿಳಿದುಕೊಳ್ಳುತ್ತೇವೆ. ಡಾಕ್ಟರು ಮುಂದೆ ಇನ್ನೊಂದು ಸೂಜಿಯ ಮಾತನ್ನೂ ಹೇಳಿದ್ದರಂತೆ. ಅಷ್ಟೊತ್ತಿಗೆ ಮಾವ ‘ತಿಳೀತು ತಿಳೀತು’ ಅಂದಾಗಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಡಾಕ್ಟರು ಆಪರೇಷನ್ನಿಗೆ ಒಳಗೆ ಹೋದರು. ಸೂಜಿ ಅಲ್ಲಿ ಸಿಗುವುದಿಲ್ಲವೆಂದು ಗೊತ್ತಿದ್ದ ನರ್ಸು, ಇವರು ಅಕ್ಕನನ್ನು ರಾಯಚೂರಿಗೆ ಒಯ್ಯುತ್ತಿದ್ದಾರೆ ಎಂದುಕೊಂಡು ಸಲಾಯನ್ ಬಿಚ್ಚಿಕೊಟ್ಟಳು. ಮಾವ ಗಾಡಿ ಮಾಡಿಕೊಂಡು ಹೆಂಡತಿಯನ್ನು ಮನೆಗೆ ಕರೆತಂದ. ಇದರಲ್ಲಿ ಯಾರನ್ನು ಬೈಯುವುದು ಎಂದು ನಾನು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಯಾರೂ ಸಿಗುವುದಿಲ್ಲ.

ಸಿಕ್ಕ ಬಸ್ಸು ಹತ್ತಿ ಮಸ್ಕಿಗೆ ಹೋದೆ. ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಜನ ಕೂಡಿದ್ದರು. ಮಾವ ಬಂದವರಿಗೆಲ್ಲ ಫೇಡೆ ಹಂಚುತ್ತಿದ್ದ. ಎದುರುಮನೆಯಾಕೆ ಕಷಾಯದ ಪಾಕೀಟು ಕೈಯಲ್ಲಿ ಹಿಡಿದು, ‘ನನಗೂ ಎರಡು ಕೊಡ್ರಿ, ನಿಮ್ಮಾಕಿಗೆ ಬಂದಂಗ ನನಗೂ ಶಕ್ತಿ ಬರಲಿ’ ಅನ್ನುತ್ತಿದ್ದಳು. ಈ ಎದುರುಮನೆಯಾಕೆ ಅಕ್ಕನ ಪೂರಾ ಉಲ್ಟಾ. ಸೀನು ಬಂದರೂ ಔಷಧಿ ಅಂಗಡಿಗೆ ಹೋಗಿ ಬಣ್ಣ ಹೇಳಿ ಗುಳಿಗೆ ತರುತ್ತಾಳೆ. ಎರಡು ನುಂಗಿ, ಉಳಿದದ್ದನ್ನು ಒಂದು ಡಬ್ಬಿಯಲ್ಲಿಟ್ಟು, ಓಣಿಯಲ್ಲಿ ಯಾರಿಗೆ ಏನೇ ಆದರೂ ಅದರಿಂದ ಪ್ರೀತಿಯಿಂದ ಕೊಡುತ್ತಾಳೆ. ದಾನಶೂರಳು.

ಅಕ್ಕ ಒಳಗಿನ ಕೋಣೆಯಲ್ಲಿ ಎರಡು ಕೌದಿ ಹೊದ್ದು ನಡುಗುತ್ತಿದ್ದಳು. ಪಕ್ಕದಲ್ಲಿ ಮಗಳು ಕಷ್ಟಪಟ್ಟು ಕೂತು ತಾಯಿಯ ಕೈ ಹಿಡಿದಿದ್ದಳು.

‘ಚಿಕ್ಕವ್ವ, ಈಗ ಮತ್ತ ಚಳಿ ಹತ್ತೈತಿ, ಅವ್ವ ನನ್ನ ಗುರ್ತು ಹಿಡಿಯಾಕತ್ತಿಲ್ಲ,’ ಅಂದಳು.

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ‘ನೀರು ಕಾದಾವೇನು?’ ಎಂದು ಕೇಳಿದಳು. ‘ಕೂಸಿನ್ನ ಕೊಡು, ನೀರು ಆರತಾವ.’

ನನಗೆ ಹೆದರಿಕೆಯಾಯಿತು. ಆವರೆಗೆ ಆಗಿರಲಿಲ್ಲ. ಸೋಂಕು ರಕ್ತಕ್ಕೆ ಇಳಿದರೆ ಹೀಗೆ ಮಾತು ಕಲೆಸುತ್ತದೆ ಎಂದು ನನಗೆ ಗೊತ್ತಿತ್ತು. ಹೊರಗೆ ಬಂದು ಮಾವನ ಕೈಯಲ್ಲಿದ್ದ ಫೇಡೆಯ ಡಬ್ಬಿ ಕಸಿದುಕೊಂಡೆ.

‘ಶಕ್ತಿ ಬಂದಿರೋದು ಅಕ್ಕಗ ಅಲ್ಲರೀ ಮಾವ. ಹುಳಕ್ಕ.’

‘ಏನ್ ಹುಳ?’

‘ಆಕಿ ಮೈಯಾಗ ಹೊಕ್ಕಿರೋ ಹುಳ. ಔಷಧ ತಡಕೊಳ್ಳೋ ಶಕ್ತಿ ಅದಕ್ಕ ಬಂದೈತಿ. ಅದಕ್ಕ ಈ ಔಷಧ ಬ್ಯಾಡ, ಬ್ಯಾರೇದು ಕೊಡಬೇಕಂದಾರ.’

ಮಾವ ನನ್ನನ್ನು ನೋಡಿದ, ಒಳಗಿನ ಕೋಣೆಯನ್ನು ನೋಡಿದ. ಈ ಸಲ ‘ತಿಳೀತು’ ಅನ್ನಲಿಲ್ಲ. ‘ಅಯ್ಯೋ ಶಿವನೇ’ ಅಂದವನೇ ಗಾಡಿ ಹುಡುಕಲು ಓಡಿದ. ಫೇಡೆ ತಿನ್ನುತ್ತಿದ್ದವರು ನುಂಗುವುದೋ ಬಿಡುವುದೋ ತಿಳಿಯದೆ ನಿಂತರು.

ಆ ಸೂಜಿ ಸಿಂಧನೂರಿನಲ್ಲಿ ಸಿಗುತ್ತಿತ್ತು. ಬಾಡಿಗೆ ಗಾಡಿಯಲ್ಲಿ ಅಕ್ಕನನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಕರೆತಂದೆ. ದಾರಿಯುದ್ದಕ್ಕೂ ಅವಳು ಯಾರದೋ ಕೂಸಿಗೆ ಎರೆಯುತ್ತಲೇ ಇದ್ದಳು. ಮುಂದಿನ ಸೀಟಿನಲ್ಲಿ ಮಾವ ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ. ಸಿಂಧನೂರಿನ ದವಾಖಾನೆಯಲ್ಲಿ ನನ್ನ ರಿಪೋರ್ಟು ನೋಡಿ ತಡಮಾಡದೆ ಸೂಜಿ ಶುರು ಮಾಡಿದರು. ಜ್ವರ ಒಂದೇ ಏಟಿಗೆ ಹೋಗಲಿಲ್ಲ, ಜಿಪುಣ ಸಾಲ ತೀರಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಯಿತು. ಒಂದು ಬೆಳಿಗ್ಗೆ ಅಕ್ಕ ಎದ್ದು, ಇಷ್ಟೊಂದು ಸಪ್ಪನೆಯ ಇಡ್ಲಿ ಯಾರು ಮಾಡಿದ್ದು ಎಂದು ಕೇಳಿದಾಗ ನಾನು ಹೊರಗೆ ಹೋಗಿ ಅತ್ತೆ.

ಲಿಂಗಸುಗೂರಿನ ಡಾಕ್ಟರು ವಿಷಯ ತಿಳಿದು ಫೋನು ಮಾಡಿದ್ದರು. ಬಹಳ ನೊಂದುಕೊಂಡಿದ್ದರು. ‘ನಾನು ಕನ್ನಡದಲ್ಲೇ ಹೇಳಿದ್ದೆನಲ್ಲ ಮೇಡಂ?’ ಅಂದರು.

‘ಅದಕ್ಕೇ ಹಿಂಗಾತು ಸರ್. ಇಂಗ್ಲಿಷಿನಾಗ ರೆಸಿಸ್ಟೆನ್ಸ್ ಅಂದಿದ್ರ ನಮ್ಮ ಮಾವ ಹೆದರಿ ಇನ್ನೊಮ್ಮೆ ಕೇಳತಿದ್ದ,’ ಅಂದೆ. ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ದವಾಖಾನೆಯಿಂದ ಬಿಟ್ಟ ಮೇಲೆ ಅಕ್ಕ ಸುಧಾರಿಸಿಕೊಳ್ಳಲು ನನ್ನ ಮನೆಯಲ್ಲಿದ್ದಳು. ನಾನು ಲ್ಯಾಬಿನಿಂದ ಬಂದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅವಳಿಗೆ ಒಂದು ಸಿಟ್ಟಿತ್ತು.

‘ನಾ ಗುಳಿಗಿ ಮುಟ್ಟಿದಾಕಿ ಅಲ್ಲ. ಕೋಳಿ, ತತ್ತಿ ನಮ್ಮನ್ಯಾಗ ಇಲ್ಲ. ನನ್ನೊಳಗಿನ ಹುಳ ಈ ವಿದ್ಯಾ ಎಲ್ಲಿ ಕಲೀತು?’

‘ನಿನ್ನೊಳಗೇ ಕಲೀಬೇಕಂತಿಲ್ಲಕ್ಕ. ಕಲ್ತದ್ದು ಬಂದು ಸೇರತೈತಿ.’

ಅವಳಿಗೆ ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ. ಔಷಧಿಯನ್ನು ತುಂಡರಿಸುವುದು ಹೇಗೆ ಎಂಬುದು ಸೂಕ್ಷ್ಮಾಣುವಿನ ಜೀನಿನಲ್ಲಿ ಬರೆದಿರುತ್ತದೆ. ಎಷ್ಟೋ ಸಲ ಆ ಜೀನು ಒಂದು ಪುಟ್ಟ ಉಂಗುರದಂಥ ತುಣುಕಿನಲ್ಲಿ ಬೇರೆಯಾಗಿಯೇ ಇರುತ್ತದೆ. ಪಕ್ಕಪಕ್ಕದ ಎರಡು ಸೂಕ್ಷ್ಮಾಣುಗಳು ತಾಗಿಕೊಂಡಾಗ, ಒಂದು ಆ ಉಂಗುರದ ನಕಲು ಮಾಡಿ ಇನ್ನೊಂದಕ್ಕೆ ದಾಟಿಸುತ್ತದೆ. ನಾವು ಚಹಾ ಕುಡಿದು ಮುಗಿಸುವುದರೊಳಗೆ ಆಗುವ ಕೆಲಸ. ಪಡೆಯುವುದು ಅದರ ಮಗನೋ ಮೊಮ್ಮಗನೋ ಆಗಬೇಕಿಲ್ಲ, ಅದೇ ಜಾತಿಯದೂ ಆಗಬೇಕಿಲ್ಲ. ಒಂದು ಕೊಡ ನೀರು ಕೊಡುವಾಗ ನಾವು ಕೇಳುವಷ್ಟನ್ನೂ ಅವು ಕೇಳುವುದಿಲ್ಲ. ಹೀಗೆ ಒಂದು ಉಂಗುರದಲ್ಲಿ ನಾಲ್ಕಾರು ಜೀನು ಒಟ್ಟಿಗೆ ಕೂಡಿಕೊಂಡಿರುತ್ತವೆ. ಆಗ ಯಾವುದೇ ಒಂದು ಔಷಧಿಯನ್ನು ಸಿಕ್ಕಂತೆ ನುಂಗಿದರೂ ಉಂಗುರ ಇದ್ದವು ಬದುಕಿ, ಇಲ್ಲದವು ಸತ್ತು, ಹೊಲವೆಲ್ಲ ಉಂಗುರದವರ ಪಾಲಾಗುತ್ತದೆ. ಜೀನೂ ನಿಂತಲ್ಲಿ ನಿಲ್ಲುವುದಿಲ್ಲ. ನಕಲು ಮಾಡುವಾಗ ಒಂದು ತಪ್ಪು ಬೀಳುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ, ಇಲ್ಲವೇ ನಷ್ಟ. ಯಾವುದೋ ಒಂದು ತಪ್ಪಿನಿಂದ ಹಳೆಯ ಔಷಧಿಯನ್ನು ಮಾತ್ರ ಕತ್ತರಿಸುತ್ತಿದ್ದ ಕತ್ತರಿಯ ಬಾಯಿ ಸ್ವಲ್ಪ ಅಗಲವಾಗಿ, ಹೊಸದನ್ನೂ ಕತ್ತರಿಸತೊಡಗುತ್ತದೆ. ಆ ಹೊತ್ತಿಗೆ ಹೊಸ ಔಷಧಿ ಬಳಕೆಯಲ್ಲಿದ್ದರೆ ಮುಗಿಯಿತು, ಆ ತಪ್ಪೇ ಒಪ್ಪಾಗಿ ಊರೆಲ್ಲ ಹರಡುತ್ತದೆ. ಹುಟ್ಟಿದ್ದು ಯಾವ ದವಾಖಾನೆಯ ಗಟಾರದಲ್ಲೋ, ಕೋಳಿಗಳಿಗೂ ಇವೇ ಔಷಧಿ ತಿನ್ನಿಸುವ ಯಾವ ಫಾರಮ್ಮಿನ ಗೊಬ್ಬರದಲ್ಲೋ, ಯಾರ ಹೊಟ್ಟೆಯಲ್ಲೋ ಹೇಳುವುದು ಕಷ್ಟ. ಗೊಬ್ಬರ ಹೊಲಕ್ಕೆ ಹೋಗುತ್ತದೆ, ಗಟಾರ ಹಳ್ಳಕ್ಕೆ ಹೋಗುತ್ತದೆ, ಮೆಂತ್ಯೆ ಕೊತ್ತಂಬರಿ ಸಂತೆಗೆ ಬರುತ್ತವೆ, ಕೈ ಬಾಯಿಗೆ ಹೋಗುತ್ತದೆ, ಹೊಟ್ಟೆಯಿಂದ ಉಚ್ಚೆಯ ದಾರಿಗೆ ದೂರವಿಲ್ಲ. ಹೊಟ್ಟೆಯಲ್ಲಿರುವ ನಿರಪಾಯದ ಸೂಕ್ಷ್ಮಾಣುಗಳೂ ಅದನ್ನು ಇಸಿದುಕೊಂಡು ಸುಮ್ಮನೆ ಇಟ್ಟುಕೊಂಡಿರುತ್ತವೆ, ಯಾರಾದರೂ ಕೇಳಿದರೆ ಕೊಡೋಣವೆಂದು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಗಂಡನ ಚಟ ಇಲ್ಲ.

‘ಅಂದ್ರ ಹೆಪ್ಪು ಇಸಗೊಂಡಂಗ,’ ಅಂದಳು. ‘ಒಂದು ಮನ್ಯಾಕಿ ಒಂದು ಚಮಚ ಮೊಸರು ಕೊಟ್ರ ಕೊಟ್ಟಾಕಿಗೇನೂ ಕಮ್ಮಿ ಆಗ್ವಲ್ದು. ಎಮ್ಮೀ ಮೊಸರಿಲೇ ಆಕಳ ಹಾಲೂ ಹೆಪ್ಪಾಗತೈತಿ.’

‘ಹೌದು, ಹಂಗ.’

‘ಮತ್ತ ನಂದೂ ಈಗ ಯಾರರ ಇಸಗೊಳ್ಳಾಕ ಬರತೈತೇನು?’

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಉಚ್ಚೆಯಲ್ಲಿದ್ದದ್ದು ಸತ್ತಿದೆ, ಆದರೆ ಅಂಥವು ಹೊಟ್ಟೆಯಲ್ಲಿ ಉಳಿದಿರಬಹುದು, ತಿಂಗಳುಗಟ್ಟಲೆ ಇರಬಹುದು, ತಾನಾಗಿಯೇ ಹೋಗಲೂಬಹುದು ಎಂದೆ. ಗುಣವಾದವರ ಹೊಟ್ಟೆಯನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲ, ಅದರ ಗರಜೂ ಇಲ್ಲ ಎಂದೂ ಹೇಳಿದೆ.

‘ಇರಬಹುದು, ಹೋಗಬಹುದು. ಇದೆಂಥ ಮಾತು ಬೇ? ನೋಡು. ನಿನ್ನ ಕೆಲಸ ಅದ ಅಲ್ಲೇನು?’

ನೋಡಿದೆ. ಅವಳು ಬಿಡಲಿಲ್ಲ ಅನ್ನುವುದು ನಿಜ, ನನಗೂ ತಿಳಿಯುವ ಆಸೆಯಿತ್ತು ಅನ್ನುವುದೂ ನಿಜ. ಅವಳ ಮಲದಿಂದ ತೆಗೆದದ್ದು ತಟ್ಟೆಯ ತುಂಬ ಬೆಳೆಯಿತು. ಅದೇ ಒತ್ತಾದ ಬೆಳೆ, ಅದೇ ಬಯಲಿಲ್ಲದ ಬಿಲ್ಲೆಗಳು. ಮನೆಗೆ ಬಂದು ಇದೆ ಅಂದೆ. ಸಾಬೂನಿನಿಂದ ಕೈ ತೊಳೆದುಕೊಂಡರೆ ಸಾಕು, ನೀನು ಎಲ್ಲರ ಹಾಗೆ ಇರಬಹುದು ಎಂದೂ ಹೇಳಿದೆ. ಅಕ್ಕ ‘ಹೂಂ’ ಅಂದು ಒಳಗೆ ಹೋಗಿ ಕೈ ತೊಳೆದುಕೊಂಡಳು.

ಮಗಳಿಗೆ ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು. ಕೂಸಿಗೆ ಮನೆಯಲ್ಲಿ ಮೊದಲ ಸಲ ಎರೆಯುವ ದಿನ ನಾನು ರಜೆ ಹಾಕಿ ಮಸ್ಕಿಗೆ ಹೋದೆ. ಆ ಕಾಲುಗಳ ಮೇಲೆ ಆ ಕೂಸು ಮಲಗುವುದನ್ನು ನೋಡಬೇಕಿತ್ತು. ಅದಕ್ಕಾಗಿಯೇ ಅಲ್ಲವೆ ಇಷ್ಟೆಲ್ಲ ಓಡಾಡಿದ್ದು ಅನ್ನಿಸಿತ್ತು. ಹಿತ್ತಲಲ್ಲಿ ಒಲೆಯ ಮೇಲೆ ಹಂಡೆ ಇಟ್ಟಿದ್ದರು. ಅಕ್ಕ ಉರಿ ಮಾಡುತ್ತ ಕೂತಿದ್ದಳು. ಬಚ್ಚಲಲ್ಲಿ ಮಣೆ ಹಾಕಿತ್ತು, ಎಣ್ಣೆ ಬಟ್ಟಲಿತ್ತು. ಎದುರುಮನೆಯಾಕೆ ಬಂದು ಸೀರೆ ಮೊಣಕಾಲಿನವರೆಗೆ ಸರಿಸಿ, ಮಣೆಯ ಮೇಲೆ ಕೂತು ಕಾಲು ಚಾಚಿದಳು.

‘ನಿಮ್ಮಕ್ಕ ಈಗೀಗ ನಾಜೂಕ ಆಗ್ಯಾಳ ನೋಡ್ರಿ. ಸ್ವಂತ ಮೊಮ್ಮಗಳಿಗೆ ನೀನ ಎರಿ ಅಂತಾಳ ನನಗ,’ ಎಂದು ನನ್ನನ್ನು ನೋಡಿ ನಕ್ಕಳು.

ನಾನು ಹಿತ್ತಲಿಗೆ ಹೋದೆ.

‘ಅಕ್ಕ, ನಾ ಹೇಳೀನಲ್ಲ. ಸಾಬೂನು ಹಚ್ಚಿ ಕೈ ತೊಳಕೊಂಡು ಎರಿ. ಏನೂ ಆಗಂಗಿಲ್ಲ.’

ಅವಳು ಒಲೆಯಿಂದ ಕಣ್ಣು ತೆಗೆಯಲಿಲ್ಲ. ‘ಆತು ಅಂದ್ರ? ಇಷ್ಟ ಇಷ್ಟ ಕೂಸಿಗೆ ಕೊಡಾಕ ಆ ಸೂಜಿ ಬಿಟ್ರ ಇನ್ನೊಂದು ಐತೇನು ನಿನ್ನ ಹಂತೇಕ?’

ನಾನು ಹಿಂದಕ್ಕೆ ತಿರುಗಿ ನೋಡಿದೆ. ಬಚ್ಚಲಲ್ಲಿ ಎದುರುಮನೆಯಾಕೆ ಕೂಸನ್ನು ಕಾಲ ಮೇಲೆ ತೆಗೆದುಕೊಂಡು ಎಣ್ಣೆ ಹಚ್ಚತೊಡಗಿದ್ದಳು. ಕೈ ತೊಳೆದುಕೊಂಡಳೋ ಇಲ್ಲವೋ ನಾನು ನೋಡಿರಲಿಲ್ಲ. ಜನ್ಮವಿಡೀ ಎರಡೆರಡು ಗುಳಿಗೆ ನುಂಗಿದವಳ ಹೊಟ್ಟೆಯಲ್ಲಿ ಎಂಥೆಂಥ ಉಂಗುರಗಳಿರಬಹುದೆಂದು ನಾನು ಊಹಿಸಬಲ್ಲೆ. ನನಗೆ ತಡೆಯಲಾಗಲಿಲ್ಲ. ದನಿ ತಗ್ಗಿಸಿ ಅಂದೆ:

‘ಆಕಿ ಕೈಯಾಗೂ ಇರಬಹುದಕ್ಕ. ಆಕೀದು ಯಾರೂ ನೋಡಿಲ್ಲ, ಅಷ್ಟ.’

‘ಇರಬಹುದು,’ ಅಂದಳು ಅಕ್ಕ. ‘ನಂದು ನೀ ನೋಡಿಬಿಟ್ಟೀಯಲ್ಲ.’

ಒಳಗೆ ಮೊದಲ ಚೊಂಬು ನೀರು ಬಿದ್ದು ಕೂಸು ಚೀರಿತು. ಅಕ್ಕ ಇನ್ನೊಂದು ಕಟ್ಟಿಗೆ ಒಲೆಗೆ ಒತ್ತಿದಳು.